ವೈರಾಣುಗಳ ಕುಲಗೋತ್ರ

ರೇಷ್ಮೆ ಸಾಕುವವರ ಮಾತಿನಲ್ಲಿ ‘ಜ್ವರ’ ಎಂಬ ಶಬ್ದಕ್ಕೆ ವೈದ್ಯರು ಒಪ್ಪದ ಅರ್ಥವೊಂದಿದೆ. ಹುಳು ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯನ್ನು ಮೇಲೆತ್ತಿ, ಅಲುಗದೆ ಕುಳಿತು, ಹಳೆಯ ಪೊರೆಯನ್ನು ಕಳಚುವ ಅವಸ್ಥೆಯನ್ನು ಅವರು ಜ್ವರವೆಂದು ಕರೆಯುತ್ತಾರೆ. ಇಂಥ ನಾಲ್ಕು ಜ್ವರಗಳನ್ನು ದಾಟಿದ ಮೇಲೆಯೇ ಹುಳು ಹಣ್ಣಾಗಿ, ಚಂದ್ರಿಕೆಯನ್ನೇರಿ ಗೂಡು ಕಟ್ಟುವುದು. ಆದ್ದರಿಂದ ಕೊಳ್ಳೇಗಾಲದ ಸೀಮೆಯ ರೈತನೊಬ್ಬನು ‘ಹುಳು ಜ್ವರಕ್ಕೆ ಕುಳಿತಿದೆ’ ಎಂದರೆ ಅದು ಶುಭವಾರ್ತೆ. ಕೂರಬೇಕಾದ ಹೊತ್ತಿನಲ್ಲಿ ಕೂರದೆ, ಮೈ ಊದಿಸಿಕೊಂಡು, ತಟ್ಟೆಯ ಅಂಚಿನಲ್ಲಿ ಸುಮ್ಮನೆ ಹರಿದಾಡುವ ಹುಳು ಕಣ್ಣಿಗೆ ಬಿದ್ದಿತೆಂದರೆ ಮಾತ್ರ ಮನೆಮಂದಿಗೆ ಕಳವಳ. ಆ ಹುಳುವಿನ ಚರ್ಮ ತುಸು ತಗುಲಿದರೂ ಹರಿದು, ಒಳಗಿನಿಂದ ಹಾಲಿನಂಥ ದ್ರವ ಸೋರುತ್ತದೆ. ಅದಕ್ಕೆ ನಮ್ಮವರು ಇಟ್ಟ ಹೆಸರು ‘ಹಾಲುತೊಂಡೆ’.

ಶ್ರೋತೃಗಳೇ, ಇಂದಿನ ನನ್ನ ವಿಷಯ ವೈರಾಣುಗಳ ವರ್ಗೀಕರಣ ಮತ್ತು ನಾಮಕರಣ. ವಿಷಯವು ಪ್ರಯೋಗಶಾಲೆಗೆ ಸೇರಿದ್ದೆಂದು ತೋರಬಹುದು. ಆದರೆ ರೋಗಕ್ಕೆ ಹೆಸರಿಡುವ ಕೆಲಸ ಪ್ರಯೋಗಶಾಲೆಗಳು ಹುಟ್ಟುವುದಕ್ಕೆ ಮೊದಲೇ ಹುಳು ಮನೆಗಳಲ್ಲಿ, ಗದ್ದೆ ತೋಟಗಳಲ್ಲಿ, ಬಾಣಂತಿಯ ಕೋಣೆಗಳಲ್ಲಿ ನಡೆದುಬಂದದ್ದು. ಆ ಹೆಸರುಗಳಿಗೂ ವಿಜ್ಞಾನಿಗಳ ಹೆಸರುಗಳಿಗೂ ಇರುವ ಸಂಬಂಧವೇನು, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಾವು ಪಡೆಯುವುದೇನು, ಕಳೆದುಕೊಳ್ಳುವುದೇನು ಎಂಬುದನ್ನು ವಿಚಾರಮಾಡುವುದು ನನ್ನ ಉದ್ದೇಶ.

ರೇಷ್ಮೆಹುಳುವಿನ ಮುಖ್ಯ ರೋಗಗಳಿಗೆ ಕನ್ನಡದಲ್ಲಿ ನಾಲ್ಕು ಹೆಸರುಗಳು ರೂಢಿಯಲ್ಲಿವೆ. ಸತ್ತ ಹುಳು ಸುಣ್ಣ ಬಳಿದಂತೆ ಬಿಳಿದಾಗಿ ಗಟ್ಟಿಯಾದರೆ ಅದು ಸುಣ್ಣಕಟ್ಟು. ಹುಳುಗಳು ಏರುಪೇರಾಗಿ ಬೆಳೆದು, ಮೊಟ್ಟೆಯ ಮೂಲಕ ತಾಯಿಯಿಂದ ಮರಿಗೆ ದಾಟುವುದು ಗಂಟುರೋಗ. ಹುಳು ಸತ್ವವಿಲ್ಲದೆ ಜೋತುಬಿದ್ದು, ಕಪ್ಪಾಗಿ ಕೊಳೆತು ನಾರಿದರೆ ಸಪ್ಪೆರೋಗ. ನಾಲ್ಕನೆಯದು ಈಗ ಹೇಳಿದ ಹಾಲುತೊಂಡೆ. ಇವು ನಾಲ್ಕೂ ಕಣ್ಣಿನಿಂದ ಕಂಡದ್ದನ್ನು ನೇರವಾಗಿ ಹೇಳುವ ಹೆಸರುಗಳು. ಫ್ರಾನ್ಸಿನ ರೈತರೂ ಇದೇ ಬಗೆಯಲ್ಲಿ ಹೆಸರಿಟ್ಟರು. ಮೈಯೂದಿದ ಹುಳುವಿನ ರೋಗಕ್ಕೆ ಕೊಬ್ಬಿದ್ದೆಂಬ ಅರ್ಥದಲ್ಲಿ ‘ಗ್ರಾಸರಿ’ ಎಂದರು. ಜೋತುಬಿದ್ದ ಹುಳುವಿನ ರೋಗಕ್ಕೆ ‘ಫ್ಲಾಶರಿ’ ಎಂದರು. ಇಟಲಿಯ ಅಗಸ್ತೀನೊ ಬಾಸ್ಸಿ ಎಂಬಾತನು ಸುಣ್ಣಕಟ್ಟಿಗೆ ಬೂಷ್ಟಿನ ಜಾತಿಯ ಶಿಲೀಂಧ್ರವೊಂದು ಕಾರಣವೆಂದು 1835ರಲ್ಲಿ ಪ್ರಕಟಿಸಿದನು. ಸೂಕ್ಷ್ಮಜೀವಿಯಿಂದ ಪ್ರಾಣಿಗೆ ರೋಗ ಬರುತ್ತದೆಂಬ ಸಂಗತಿ ಮೊದಮೊದಲು ಸಿದ್ಧವಾದದ್ದು ಹೀಗೆ ರೇಷ್ಮೆಹುಳುವಿನಲ್ಲಿ. ಲೂಯಿ ಪಾಶ್ಚರ್ 1865ರಿಂದ ಐದು ವರ್ಷಗಳ ಕಾಲ ದಕ್ಷಿಣ ಫ್ರಾನ್ಸಿನಲ್ಲಿ ದುಡಿದು, ಜನರು ಒಂದೆಂದು ಭಾವಿಸಿದ್ದ ಹಾವಳಿಯಲ್ಲಿ ಗಂಟುರೋಗವೂ ಸಪ್ಪೆರೋಗವೂ ಬೇರೆ ಬೇರೆಯಾಗಿವೆಯೆಂದು ತೋರಿಸಿಕೊಟ್ಟನು.

ಈ ಬೇರ್ಪಡಿಕೆಯ ಫಲವನ್ನು ನಮ್ಮ ರೈತರು ಇಂದಿಗೂ ಉಣ್ಣುತ್ತಿದ್ದಾರೆ. ಗಂಟುರೋಗ ಮೊಟ್ಟೆಯಲ್ಲಿ ಬರುವುದರಿಂದ, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗದ ಕುರುಹು ಕಂಡರೆ ಆ ಮೊಟ್ಟೆಗಳನ್ನು ನಾಶಪಡಿಸುವುದು ಪಾಶ್ಚರನ ಉಪಾಯ. ಬಿತ್ತನೆ ಮೊಟ್ಟೆ ತಯಾರಿಸುವ ಕೇಂದ್ರಗಳಲ್ಲಿ ಈಗಲೂ ನಡೆಯುವುದು ಅದೇ. ಆದರೆ ಹಾಲುತೊಂಡೆಗೆ ಈ ಉಪಾಯ ಸಾಲದು. ಅದು ಸೋರಿದ ಹಾಲಿನಿಂದ, ಮಲಿನವಾದ ಸೊಪ್ಪಿನಿಂದ, ತೊಳೆಯದ ತಟ್ಟೆಯಿಂದ ಹರಡುತ್ತದೆ. ಮನೆಯನ್ನೂ ಸಲಕರಣೆಯನ್ನೂ ಫಾರ್ಮಲಿನ್ನಿನಿಂದಲೋ ಬ್ಲೀಚಿಂಗ್ ಪುಡಿಯಿಂದಲೋ ಶುದ್ಧಿಮಾಡಬೇಕು. ರೋಗಿಷ್ಠ ಹುಳುವನ್ನು ಚರ್ಮ ಒಡೆಯುವ ಮೊದಲೇ ಆರಿಸಿ ತೆಗೆಯಬೇಕು. ಹೆಸರು ತಪ್ಪಿದರೆ ಉಪಾಯ ತಪ್ಪುತ್ತದೆ. ಉಪಾಯ ತಪ್ಪಿದರೆ ಒಂದು ತಿಂಗಳ ದುಡಿಮೆ ತಿಪ್ಪೆಯ ಪಾಲು.

ಹಾಲುತೊಂಡೆಯ ಆ ಹಾಲಿನಲ್ಲಿ ಇರುವುದಾದರೂ ಏನು? ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಲವು ಮುಖಗಳ ಸಣ್ಣ ಹರಳುಗಳು ಲೆಕ್ಕವಿಲ್ಲದಷ್ಟು ಹೊಳೆಯುತ್ತವೆ. ಇಟಲಿಯ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ಅವನ್ನು ಕಂಡಿದ್ದರು. ಆ ಹರಳು ವೈರಾಣುವಲ್ಲ, ವೈರಾಣುವಿನ ಕಣಜ. ಒಂದೊಂದು ಹರಳಿನೊಳಗೂ ಕಡ್ಡಿಯಾಕಾರದ ವೈರಾಣುಗಳು ಹುದುಗಿರುತ್ತವೆಂದು 1947ರಲ್ಲಿ ಬೆರ್ಗೋಲ್ಡ್ ಎಂಬ ವಿಜ್ಞಾನಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ತೋರಿಸಿದನು. ಹರಳಿನ ಕವಚವಿರುವುದರಿಂದ ಅವು ಹುಳುವಿನ ಹೊರಗೆ, ಮಣ್ಣಿನಲ್ಲಿ ಬಹುಕಾಲ ಕೆಡದೆ ಉಳಿಯಬಲ್ಲವು. ಹುಳುವಿನ ಹೊಟ್ಟೆಯ ಕ್ಷಾರದಲ್ಲಿ ಹರಳು ಕರಗುತ್ತದೆ. ಬೀಗ ತೆರೆದಂತೆ ವೈರಾಣು ಹೊರಬೀಳುತ್ತದೆ. ಲ್ಯಾಟಿನ್ ಭಾಷೆಯಲ್ಲಿ ಕೋಲಿಗೆ ‘ಬ್ಯಾಕುಲಮ್’ ಎಂದು ಹೆಸರು. ಆದುದರಿಂದ ಈ ಕುಟುಂಬವನ್ನು ‘ಬ್ಯಾಕುಲೊವಿರಿಡೇ’ ಎಂದು ಕರೆದರು. ನಮ್ಮ ಹಾಲುತೊಂಡೆಯ ವೈರಾಣು ಸೇರುವ ಪ್ರಭೇದದ ಇಂದಿನ ಶಾಸ್ತ್ರೀಯ ನಾಮ ‘ಆಲ್ಫಾಬ್ಯಾಕುಲೊವೈರಸ್ ಬೋಮೋರಿ’. ‘ಬೋಮೋರಿ’ ಎಂಬುದು ರೇಷ್ಮೆಹುಳುವಿನ ನಾಮವಾದ ‘ಬಾಂಬಿಕ್ಸ್ ಮೋರಿ’ಯ ಸಂಕ್ಷೇಪ, ‘ಮೋರಿ’ ಎಂದರೆ ಹಿಪ್ಪುನೇರಳೆಯದು. ಹೀಗೆ ನಮ್ಮ ಹೊಲದ ಸೊಪ್ಪು ರೋಗಾಣುವಿನ ಹೆಸರಿನಲ್ಲಿಯೂ ಒಂದು ಎಲೆಯನ್ನು ಉಳಿಸಿದೆ.

ಸಪ್ಪೆರೋಗದ ಕಥೆ ಇನ್ನೂ ಜಟಿಲ. ಹಾಲುತೊಂಡೆಗೆ ಕಾರಣ ಒಂದು, ಸಪ್ಪೆಗೆ ಹಲವು. ಅದರಲ್ಲಿ ಬ್ಯಾಕ್ಟೀರಿಯಾಗಳ ಪಾತ್ರವಿದೆ. ಒಂದಕ್ಕೊಂದು ನಂಟಿಲ್ಲದ ವೈರಾಣುಗಳ ಪಾತ್ರವೂ ಇದೆ. ಒಂದು ಆರ್.ಎನ್.ಎ. ವೈರಾಣು: ಅದರ ರೋಗನಾಮವಾದ ‘ಇನ್ಫೆಕ್ಷಸ್ ಫ್ಲಾಶರಿ’ಯ ಮೊದಲಕ್ಷರಗಳಿಂದಲೇ ‘ಇಫ್ಲಾವಿರಿಡೇ’ ಎಂಬ ಕುಟುಂಬದ ಹೆಸರು ಹುಟ್ಟಿತು. ಜೇನುಹುಳುಗಳನ್ನು ಕಾಡುವ ವೈರಾಣುಗಳು ಕೂಡ ಇಂದು ಆ ಕುಟುಂಬದಲ್ಲಿವೆ. ರೇಷ್ಮೆ ರೈತರ ಒಂದು ಮಾತು ಜೇನಿನ ಲೋಕವನ್ನೂ ಆಳುತ್ತಿದೆ. ಇನ್ನೊಂದು, ಹುಳುವಿನ ಜೀರ್ಣನಾಳವನ್ನು ಬೆಳ್ಳಗಾಗಿಸುವ ವೈರಾಣು. ಇದು ಹಾಲುತೊಂಡೆಯಂತೆಯೇ ಹರಳು ಕಟ್ಟುವುದರಿಂದ ಎರಡನ್ನೂ ಹಿಂದೆ ‘ಪಾಲಿಹೆಡ್ರೋಸಿಸ್’ ಎಂಬ ಒಂದೇ ಮಾತಿನಿಂದ ಕರೆದು, ಕೋಶಕೇಂದ್ರದ್ದು ಮತ್ತು ಕೋಶರಸದ್ದು ಎಂದು ಎರಡು ವಿಶೇಷಣಗಳನ್ನು ಸೇರಿಸಿದ್ದರು. ಒಂದರ ಆನುವಂಶಿಕ ದ್ರವ್ಯ ಡಿ.ಎನ್.ಎ., ಇನ್ನೊಂದರದು ತುಂಡುತುಂಡಾದ ಆರ್.ಎನ್.ಎ. ಎಂದು ತಿಳಿದ ಮೇಲೆ ಆ ಸೋದರಸಂಬಂಧ ಮುರಿದುಬಿತ್ತು. ಮೂರನೆಯದು ಡೆನ್ಸೋವೈರಸ್ಸುಗಳ ಗುಂಪು. ಇವುಗಳಲ್ಲಿ ಎರಡು ಬಗೆಗಳನ್ನು ಬಹುಕಾಲ ಒಂದೇ ಕುಟುಂಬದವೆಂದು ಎಣಿಸಿದ್ದರು. ಎರಡನೆಯದರ ಡಿ.ಎನ್.ಎ. ಎರಡು ಪ್ರತ್ಯೇಕ ತುಂಡುಗಳಲ್ಲಿದ್ದು, ತನ್ನ ನಕಲನ್ನು ತಾನೇ ತೆಗೆಯುವ ಸಾಮಗ್ರಿಯನ್ನು ಹೊಂದಿದೆಯೆಂದು ಕಂಡುಬಂದಾಗ ಅದನ್ನು ‘ಬಿಡ್ನಾವಿರಿಡೇ’ ಎಂಬ ಹೊಸ ಕುಟುಂಬವಾಗಿ ಬೇರೆಯಿಟ್ಟರು. ನಮ್ಮ ರೈತನು ‘ಸಪ್ಪೆ’ ಎನ್ನುವ ಎರಡಕ್ಷರದಲ್ಲಿ ಇಷ್ಟು ಮನೆತನಗಳು ಒಟ್ಟಿಗೆ ವಾಸವಾಗಿವೆ.

ಮನುಷ್ಯರ ರೋಗಗಳಲ್ಲಿಯೂ ಇದೇ ಸಮಸ್ಯೆ. ಹಳ್ಳಿಗಳಲ್ಲಿ ಮೈಮೇಲೆ ಬೊಕ್ಕೆಯೆದ್ದರೆ ‘ಅಮ್ಮ’ ಬಂದಿದ್ದಾಳೆ ಎನ್ನುವುದು ವಾಡಿಕೆ. ಸಿಡುಬೂ ಅಮ್ಮನೆ, ಸೀತಾಳೆ ಸಿಡುಬೂ ಅಮ್ಮನೆ. ಆದರೆ ವೈರಾಣುಶಾಸ್ತ್ರದಲ್ಲಿ ಸಿಡುಬು ಪಾಕ್ಸ್ ಕುಟುಂಬಕ್ಕೆ ಸೇರಿದರೆ, ಸೀತಾಳೆ ಸಿಡುಬು ಹರ್ಪಿಸ್ ಕುಟುಂಬಕ್ಕೆ ಸೇರುತ್ತದೆ. ಇವೆರಡಕ್ಕೂ ಯಾವ ರಕ್ತಸಂಬಂಧವೂ ಇಲ್ಲ. ಸಿಡುಬನ್ನು ಲೋಕವು 1980ರಲ್ಲಿ ಅಧಿಕೃತವಾಗಿ ಕಳುಹಿಸಿಕೊಟ್ಟಿತು. ಸೀತಾಳೆ ಇಂದಿಗೂ ಮನೆಮನೆಗೆ ಬರುತ್ತಿದೆ. ಇನ್ನು ಮುಪ್ಪಿನಲ್ಲಿ ಸೊಂಟವನ್ನೋ ಎದೆಯನ್ನೋ ಬಳಸಿಕೊಂಡು ಉರಿಯುವ ಗುಳ್ಳೆಗಳೇಳುವುದಕ್ಕೆ ನಮ್ಮಲ್ಲಿ ‘ಸರ್ಪಸುತ್ತು’ ಎಂದು ಬೇರೆಯ ಹೆಸರು, ಬೇರೆಯ ಚಿಕಿತ್ಸೆ. ವಾಸ್ತವವಾಗಿ ಅದು ಎಳೆತನದಲ್ಲಿ ಬಂದುಹೋದ ಸೀತಾಳೆಯ ವೈರಾಣುವೇ. ನರದ ಗಂಟಿನಲ್ಲಿ ದಶಕಗಳ ಕಾಲ ಅಡಗಿದ್ದು ಮತ್ತೆ ಎದ್ದುಬಂದದ್ದು. ಲಕ್ಷಣವನ್ನು ನೋಡಿ ಇಟ್ಟ ಹೆಸರು ಒಂದೆಡೆ ಅಪರಿಚಿತರನ್ನು ಒಂದೇ ಮನೆಯಲ್ಲಿ ಕೂರಿಸಿದೆ, ಇನ್ನೊಂದೆಡೆ ಒಬ್ಬನನ್ನೇ ಇಬ್ಬರನ್ನಾಗಿ ಮಾಡಿದೆ. ಹಾಗಾದರೆ ಆ ಹೆಸರುಗಳು ನಿರರ್ಥಕವೇ? ಅಲ್ಲ. ‘ಹರ್ಪಿಸ್’ ಎಂಬ ಗ್ರೀಕ್ ಮೂಲದ ಮಾತಿಗೂ ಹರಿದಾಡುವುದೆಂದೇ ಅರ್ಥ. ಸರ್ಪವನ್ನು ಕಂಡ ನಮ್ಮವರ ಕಣ್ಣು ಗ್ರೀಕರ ಕಣ್ಣಿಗಿಂತ ಮಂದವಾಗಿರಲಿಲ್ಲ.

ಲಕ್ಷಣ ಸಾಲದಾದಾಗ ವಿಜ್ಞಾನಿಗಳು ಯಾವುದನ್ನು ಆಧರಿಸಿದರು? ಗಿಡಮರಗಳಿಗೆ ಹೂವಿದೆ, ಪ್ರಾಣಿಗಳಿಗೆ ಎಲುಬಿದೆ. ವೈರಾಣುವಿಗೆ ಪಳೆಯುಳಿಕೆಯೂ ಇಲ್ಲ, ಎಲ್ಲ ವೈರಾಣುಗಳಿಗೂ ಸಮಾನನಾದ ಮೂಲಪುರುಷನೂ ಇಲ್ಲ. 1962ರಲ್ಲಿ ಲ್ವಾಫ್, ಹಾರ್ನ್ ಮತ್ತು ಟೂರ್ನಿಯೇ ಎಂಬ ಮೂವರು ಒಂದು ಮಾರ್ಗವನ್ನು ಸೂಚಿಸಿದರು. ರೋಗವನ್ನು ಮರೆತುಬಿಡಿ, ವೈರಾಣುವಿನೊಳಗಿರುವುದು ಡಿ.ಎನ್.ಎ.ಯೊ ಆರ್.ಎನ್.ಎ.ಯೊ, ಅದರ ಚಿಪ್ಪು ಯಾವ ಆಕಾರದಲ್ಲಿ ಜೋಡಣೆಗೊಂಡಿದೆ, ಹೊರಗೆ ಪೊರೆಯಿದೆಯೊ ಇಲ್ಲವೊ ಎಂದು ಕೇಳಿ, ಎಂದರು. 1971ರಲ್ಲಿ ಡೇವಿಡ್ ಬಾಲ್ಟಿಮೋರ್ ಮತ್ತೊಂದು ಪ್ರಶ್ನೆಯನ್ನು ಮುಂದಿಟ್ಟನು: ವೈರಾಣು ತನ್ನ ಸಂದೇಶವನ್ನು ಕೋಶಕ್ಕೆ ಅರ್ಥವಾಗುವ ಆರ್.ಎನ್.ಎ.ಯಾಗಿ ಬರೆಯುವುದು ಯಾವ ದಾರಿಯಿಂದ? ಈ ದಾರಿಗಳನ್ನು ಎಣಿಸಿದರೆ ಒಟ್ಟು ಏಳು ಗುಂಪುಗಳಾಗುತ್ತವೆಂದು ಈಗ ಒಪ್ಪಿದ್ದಾರೆ. ಈ ನಡುವೆ 1966ರಲ್ಲಿ ಮಾಸ್ಕೋ ನಗರದ ಸಮ್ಮೇಳನದಲ್ಲಿ ಒಂದು ಅಂತರರಾಷ್ಟ್ರೀಯ ಸಮಿತಿ ರಚನೆಯಾಯಿತು. ಮೊದಲು ನಾಮಕರಣದ ಸಮಿತಿಯಾಗಿದ್ದ ಅದು ಬಳಿಕ ವರ್ಗೀಕರಣದ ಸಮಿತಿಯೆಂದು ಹೆಸರು ಬದಲಿಸಿಕೊಂಡು ಇಂದಿಗೂ ಕೆಲಸಮಾಡುತ್ತಿದೆ. ಹೆಸರಿನ ಕೊನೆಯನ್ನು ನೋಡಿದರೆ ಸ್ಥಾನ ತಿಳಿಯುವಂತೆ ಅದು ನಿಯಮ ಮಾಡಿತು: ‘ವೈರಸ್’ ಎಂದು ಮುಗಿದರೆ ಕುಲ, ‘ವಿರಿಡೇ’ ಎಂದು ಮುಗಿದರೆ ಕುಟುಂಬ, ‘ವಿರೇಲ್ಸ್’ ಎಂದು ಮುಗಿದರೆ ಗಣ. ಈಗ ಜೀನುಗಳ ಅಕ್ಷರಮಾಲೆಯನ್ನೇ ಓದಿ ಹೋಲಿಸುವುದು ಸಾಧ್ಯವಾಗಿರುವುದರಿಂದ ಶ್ರೇಣಿಗಳು ಹದಿನೈದಕ್ಕೆ ಏರಿವೆ. ಹಾಲುತೊಂಡೆಯ ವೈರಾಣುವಿನ ಜಾತಕ ಸುಮಾರು 1,28,000 ಅಕ್ಷರಗಳಷ್ಟು ಉದ್ದವಾಗಿದೆ. ಅದನ್ನು ಪೂರ್ತಿಯಾಗಿ ಓದಿದ್ದಾರೆ.

ಹೆಸರುಗಳು ಮತ್ತೆ ಮತ್ತೆ ಬದಲಾಗುವುದನ್ನು ಕಂಡು ಸಾಮಾನ್ಯರಿಗೆ ಬೇಸರವಾಗುವುದು ಸಹಜ. ಈ ಸೀಮೆಯವರಿಗೆ ಅದು ಹೊಸದಾಗಬೇಕಿಲ್ಲ. 1956ರವರೆಗೆ ಕೊಳ್ಳೇಗಾಲ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲಿ ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ದೊರೆತ ಜಹಗೀರು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲವು ಮೈಸೂರು ಜಿಲ್ಲೆಗೆ ಬಂದಿತು. 1997ರಲ್ಲಿ ಎರಡೂ ಚಾಮರಾಜನಗರ ಜಿಲ್ಲೆಯೊಳಗಾದವು. ಈಚೆಗೆ ಹನೂರು ಪ್ರತ್ಯೇಕ ತಾಲ್ಲೂಕಾಯಿತು. ಬಿಳಿಗಿರಿರಂಗನ ಬೆಟ್ಟವಾಗಲಿ, ಮಾದಪ್ಪನ ಬೆಟ್ಟವಾಗಲಿ ಕದಲಲಿಲ್ಲ; ದಫ್ತರದಲ್ಲಿ ಪುಟ ಬದಲಾಯಿತು. ವೈರಾಣುಗಳ ವರ್ಗೀಕರಣವೂ ಒಂದು ದಫ್ತರವೇ. ಆದರೆ ಒಂದು ಭೇದವಿದೆ. ತಾಲ್ಲೂಕಿನ ಎಲ್ಲೆಯನ್ನು ಆಡಳಿತದ ಅನುಕೂಲ ನಿರ್ಧರಿಸುತ್ತದೆ. ವೈರಾಣುವಿನ ಎಲ್ಲೆಯನ್ನು ನಿರ್ಧರಿಸಬೇಕಾದದ್ದು ವಂಶ. ಪುಟ ಬದಲಾದಾಗಲೆಲ್ಲ ವಂಶದ ವಿಷಯದಲ್ಲಿ ಯಾವುದೋ ಹೊಸ ಸಂಗತಿ ತಿಳಿದಿದೆಯೆಂದೇ ಅರ್ಥ.

ವೇಲೂರಿನಲ್ಲಿ 1964ರಲ್ಲಿ ಒಂದು ಸುಂಡಿಲಿಯಿಂದ ಪಡೆದ ವೈರಾಣುವಿಗೆ ಅಲ್ಲಿಯ ತೊಟ್ಟಪಾಳ್ಯಂ ಎಂಬ ಸ್ಥಳದ ಹೆಸರಿಟ್ಟರು. ಅದರ ನಿಜವಾದ ಬಂಧುಗಳು ಕೊರಿಯಾದ ಹಂಟಾನ್ ನದಿಯ ಹೆಸರಿನ ಹಂಟಾವೈರಸ್ಸುಗಳೆಂದು ಬಹಳ ವರ್ಷಗಳ ಮೇಲೆ ಗೊತ್ತಾಯಿತು. ಕೊರಿಯಾದ ಇಮ್ಜಿನ್ ನದಿಯ ಹೆಸರಿನ ಇನ್ನೊಂದು ವೈರಾಣುವಿನೊಡನೆ ಸೇರಿಸಿ ಅವುಗಳ ಕುಲಕ್ಕೆ ‘ತೊಟ್ಟಿಮ್‌ವೈರಸ್’ ಎಂಬ ಸಮಾಸವನ್ನು ಮಾಡಿದ್ದಾರೆ. ತಮಿಳುನಾಡಿನ ಒಂದು ಪಾಳ್ಯವೂ ಕೊರಿಯಾದ ಒಂದು ಹೊಳೆಯೂ ಒಂದೇ ಪದದಲ್ಲಿ ಕೈಹಿಡಿದಿವೆ.

ಸ್ಥಳನಾಮದ ವಿಷಯದಲ್ಲಿ ಕನ್ನಡನಾಡಿಗೂ ಒಂದು ಪಾಲಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಮಂಗಗಳು ಸತ್ತು ಬಿದ್ದು, ಕಾಡಿನ ಅಂಚಿನ ಜನ ಜ್ವರದಿಂದ ನರಳಿದಾಗ, ಪುಣೆಯ ವೈರಸ್ ಸಂಶೋಧನ ಕೇಂದ್ರದವರು ವೈರಾಣುವನ್ನು ಬೇರ್ಪಡಿಸಿ ಅದಕ್ಕೆ ಕ್ಯಾಸನೂರು ಕಾಡಿನ ಹೆಸರಿಟ್ಟರು. ಇಂದು ಅದರ ಪ್ರಭೇದನಾಮ ‘ಆರ್ಥೊಫ್ಲೇವಿವೈರಸ್ ಕ್ಯಾಸನೂರೆನ್ಸ್’. ನೆರೆಯ ಕೈಸೋಡಿಯ ಹೆಸರನ್ನೂ ಉಣುಗುಗಳಿಂದ ದೊರೆತ ಮತ್ತೊಂದು ವೈರಾಣು ಹೊತ್ತಿದೆ. ಡೆಂಗೆಯ ವೈರಾಣು ಕ್ಯಾಸನೂರಿನದರ ದೂರದ ನೆಂಟ. ಹತ್ತಿರದ ನೆಂಟ ಕಂಡುಬಂದದ್ದು ಸೌದಿ ಅರೇಬಿಯದಲ್ಲಿ, 1990ರ ದಶಕದಲ್ಲಿ. ಅಲ್ಖುರ್ಮಾ ಎಂಬ ಅದು ಕ್ಯಾಸನೂರಿನ ವೈರಾಣುವಿನ ಇನ್ನೊಂದು ರೂಪವೆಂದೇ ಎಣಿಕೆಯಾಗಿದೆ. ಮಲೆನಾಡಿನ ಮಳೆಗಾಡಿಗೂ ಅರಬರ ಮರಳುಗಾಡಿಗೂ ಇಂಥ ನಂಟಿದೆಯೆಂದು ಲಕ್ಷಣಗಳನ್ನು ಮಾತ್ರ ನೋಡಿದ್ದರೆ ಯಾರೂ ಊಹಿಸುತ್ತಿರಲಿಲ್ಲ.

ಜನರು ಈ ರೋಗವನ್ನು ‘ಮಂಗನ ಕಾಯಿಲೆ’ ಎನ್ನುತ್ತಾರೆ. ಇಲ್ಲಿ ಹೆಸರು ಒಂದು ಅನ್ಯಾಯವನ್ನೂ ಮಾಡಿದೆ. ರೋಗವನ್ನು ಮನುಷ್ಯನಿಗೆ ದಾಟಿಸುವುದು ಉಣುಗು. ಮಂಗವು ನಮಗಿಂತ ಮೊದಲು ಸಾಯುವ ಬಲಿ. ಮಂಗ ಸತ್ತ ಜಾಗದಲ್ಲಿ ಅದರ ಮೈಬಿಟ್ಟ ಉಣುಗುಗಳು ನೆಲಕ್ಕೆ ಹರಡುವುದರಿಂದ, ಸತ್ತ ಮಂಗವೆಂದರೆ ಎಚ್ಚರಿಕೆಯ ಗಂಟೆ. 2012ರ ಕೊನೆಯಲ್ಲಿ ನಮ್ಮ ಜಿಲ್ಲೆಯ ಬಂಡೀಪುರದಲ್ಲಿಯೇ ಈ ಗಂಟೆ ಬಾರಿಸಿತು. ಮಂಗಗಳು ಸತ್ತವು, ಅರಣ್ಯದ ಕೆಲಸಗಾರರು ಜ್ವರಬಿದ್ದರು. ಬೆಟ್ಟದ ಸೋಲಿಗರಿಗೂ, ಸೌದೆಗೆ ದನಕ್ಕೆ ಕಾಡಿಗೆ ಹೋಗುವ ಹನೂರು, ಯಳಂದೂರಿನವರಿಗೂ ತಿಳಿದಿರಬೇಕಾದದ್ದು ಕ್ಯಾಸನೂರೆನ್ಸ್ ಎಂಬ ಪದವಲ್ಲ; ಮಂಗ ಸತ್ತಿರುವುದನ್ನು ಕಂಡರೆ ಮುಟ್ಟದೆ ತಿಳಿಸಬೇಕು, ಉಣುಗಿನ ಬಗೆಗೆ ಎಚ್ಚರವಾಗಿರಬೇಕು ಎಂಬ ಮಾತು. ಹೆಸರು ಮಂಗನ ಮೇಲೆ ದ್ವೇಷವನ್ನು ಹುಟ್ಟಿಸಿದರೆ ಆ ಎಚ್ಚರ ತಪ್ಪಿಹೋಗುತ್ತದೆ.

ಇಂಥ ಅಪಾಯ ಲೋಕದ ಗಮನಕ್ಕೂ ಬಂದಿದೆ. 1993ರಲ್ಲಿ ಅಮೆರಿಕದಲ್ಲಿ ಹೊಸ ಹಂಟಾವೈರಸ್ಸೊಂದು ಕಾಣಿಸಿಕೊಂಡಾಗ, ತಮ್ಮ ನೆಲದ ಹೆಸರನ್ನು ಸಾವಿಗೆ ಕಟ್ಟಬಾರದೆಂದು ಸ್ಥಳೀಯರು ಆಕ್ಷೇಪಿಸಿದರು. ಕೊನೆಗೆ ಅದಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ ‘ಸಿನ್ ನೋಂಬ್ರೆ’, ಅಂದರೆ ‘ಹೆಸರಿಲ್ಲದ್ದು’ ಎಂಬುದೇ ಹೆಸರಾಯಿತು. ಊರು, ವ್ಯಕ್ತಿ, ಪ್ರಾಣಿಗಳ ಹೆಸರನ್ನು ಹೊಸ ರೋಗಗಳಿಗೆ ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆಮಾಡಿತು. 2020ರ ಫೆಬ್ರವರಿ 11ರಂದು ರೋಗಕ್ಕೆ ‘ಕೋವಿಡ್-19’ ಎಂದು ಆ ಸಂಸ್ಥೆಯೂ, ವೈರಾಣುವಿಗೆ ‘ಸಾರ್ಸ್-ಕೋವ್-2’ ಎಂದು ವರ್ಗೀಕರಣದವರೂ ಬೇರೆ ಬೇರೆಯಾಗಿ ಹೆಸರಿಟ್ಟರು. ಮೊದಲನೆಯದು ಜನರ ಬಳಕೆಗೆ. ಎರಡನೆಯದು 2003ರ ಸಾರ್ಸ್ ರೋಗದ ವೈರಾಣುವಿನೊಡನೆ ಅದಕ್ಕಿರುವ ರಕ್ತಸಂಬಂಧವನ್ನು ಸಾರುವುದಕ್ಕೆ.

ನಮ್ಮ ಮನೆಗಳಲ್ಲಿಯೂ ಮಗುವಿಗೆ ಜಾತಕದಲ್ಲಿ ಒಂದು ಹೆಸರು, ಕರೆಯುವುದಕ್ಕೆ ಇನ್ನೊಂದು ಹೆಸರು ಇರುವುದುಂಟು. ರೋಗಗಳಿಗೂ ಎರಡು ಹೆಸರುಗಳು ಬೇಕೆಂದು ನನ್ನ ನಮ್ರವಾದ ಅಭಿಪ್ರಾಯ. ಸಂಕೇತಿ ಅಕ್ಷರಗಳನ್ನೂ ಲ್ಯಾಟಿನ್ ಪ್ರತ್ಯಯಗಳನ್ನೂ ಹೊಲಕ್ಕೆ ಎಳೆದುತರುವುದರಿಂದ ರೈತನಿಗೆ ಪ್ರಯೋಜನವಿಲ್ಲ. ಹಾಗೆಯೇ ರೈತನ ಹೆಸರುಗಳನ್ನು ಅಜ್ಞಾನವೆಂದು ತಳ್ಳುವುದರಿಂದ ವಿಜ್ಞಾನಕ್ಕೂ ನಷ್ಟ. ಮಲೆನಾಡಿನ ಏಲಕ್ಕಿ ಬೆಳೆಗಾರರು ಇಟ್ಟ ‘ಕಟ್ಟೆರೋಗ’, ಕೊಕ್ಕೆಯಂತೆ ಬಾಗಿದ ಎಳೆಗಂದನ್ನು ಕಂಡು ಇಟ್ಟ ‘ಕೊಕ್ಕೆಕಂದು’, ಇವೆರಡೂ ಕನ್ನಡದ ರೂಪದಲ್ಲಿಯೇ ಲೋಕದ ಶಾಸ್ತ್ರಗ್ರಂಥಗಳಿಗೆ ಸೇರಿಹೋಗಿವೆ. ಅವು ವೈರಾಣುವಿನಿಂದ ಬರುವ ಬೇರೆ ಬೇರೆ ರೋಗಗಳೆಂದು ತಿಳಿದದ್ದು ತರುವಾಯ. ಬೇರೆ ಬೇರೆಯೆಂದು ಗುರುತಿಸಿದ್ದು ತೋಟದಲ್ಲಿ. ‘ವೈರಸ್’ ಎಂಬ ಲ್ಯಾಟಿನ್ ಶಬ್ದಕ್ಕೆ ವಿಷವೆಂದರ್ಥ; ಅದನ್ನು ‘ವಿಷಾಣು’ ಎಂದೂ, ನಾದವನ್ನು ಉಳಿಸಿಕೊಂಡು ವೈರವನ್ನೂ ಸೇರಿಸಿ ‘ವೈರಾಣು’ ಎಂದೂ ಕನ್ನಡವು ತನ್ನದಾಗಿಸಿಕೊಂಡಿದೆ. ಈ ಶಕ್ತಿಯುಳ್ಳ ಭಾಷೆಗೆ ಎರಡು ಹೆಸರುಗಳ ನಡುವೆ ಸೇತುವೆ ಕಟ್ಟುವುದು ಕಷ್ಟವಲ್ಲ.

ಆ ಸೇತುವೆಯನ್ನು ಕಟ್ಟಬೇಕಾದವರು ವಿಸ್ತರಣಾಧಿಕಾರಿಗಳು, ಆರೋಗ್ಯ ಕಾರ್ಯಕರ್ತರು, ಶಾಲೆಯ ಉಪಾಧ್ಯಾಯರು. ರೈತನು ಬಂದು ‘ಹುಳು ಸಪ್ಪೆಯಾಗಿದೆ’ ಎಂದಾಗ ಹೆಸರನ್ನು ತಿದ್ದುವ ಆತುರ ಬೇಡ. ಸೊಪ್ಪು ಬಿಟ್ಟದ್ದು ಯಾವಾಗ, ಎಷ್ಟನೆಯ ಜ್ವರದ ಮೇಲೆ, ಸತ್ತ ಹುಳುವಿನ ಬಣ್ಣವೇನು, ಹಿಕ್ಕೆಯ ಬಣ್ಣವೇನು, ಕಳೆದ ಬೆಳೆಯ ತಟ್ಟೆಗಳನ್ನು ತೊಳೆದದ್ದು ಯಾವುದರಿಂದ ಎಂದು ವಿಚಾರಿಸಿ, ನಾಲ್ಕು ಹುಳುಗಳನ್ನು ಪರೀಕ್ಷೆಗೆ ಕಳುಹಿಸಲಿ. ಫಲಿತಾಂಶ ಬಂದ ಮೇಲೆ ‘ನಿಮ್ಮ ಸಪ್ಪೆ ಇಂಥ ಬಗೆಯದು, ಅದಕ್ಕೆ ಹೀಗೆ ಮಾಡಿ’ ಎಂದು ಅವನ ಮಾತಿನಲ್ಲಿಯೇ ತಿಳಿಸಲಿ. ಆಗ ಪ್ರಯೋಗಶಾಲೆಯ ಉದ್ದನೆಯ ಹೆಸರು ಹುಳು ಮನೆಯ ತಟ್ಟೆಯವರೆಗೆ ಬಂದು ತನ್ನ ಕೆಲಸ ಮಾಡಿದಂತಾಗುತ್ತದೆ. ಮುಂದಿನ ಬೆಳೆ ಚಂದ್ರಿಕೆಯನ್ನು ಏರುತ್ತದೆ.